ಪಾಟಾದ ತಾತ್ಯಾ ಮತ್ತು ನಮ್ಮ ಮನೆಯ ಜೀಪು

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಹರಳನ್ನೆಲ್ಲ ಮೊರದ ಒಂದು ಮೂಲೆಗೆ ಸರಿಸಿ ಇನ್ನೇನು ಕೇರಬೇಕು ಅನ್ನುವಷ್ಟರಲ್ಲಿ, ಡೇರಿಗೆ ಹಾಲು ಹಾಕಿ ಬಂದ ನಮ್ಮ ಮನೆಯವರು ಜೀಪು ನಿಲ್ಲಿಸಿ, ಕೆಳಗಿಳಿಯದೆ ಅಲ್ಲಿಂದಲೇ ಹೇಳಿದರು: "ಪಾಟಾದ ತಾತ್ಯಾ ಹೋದ್ರಂತ. ಮುಂಜಾನೆ ಚಾ ಕುಡದು ಗ್ವಾಡಿಗೆ ಒರಗಿದ್ರಂತ. ಮಗಳು ಚಾದ ಬಸಿ ತಗೊಳ್ಳಾಕ ಬಂದ್ರ, ಇಲ್ಲ."

ನನ್ನ ಕೈ ನಿಂತಿತು. ಚಹಾ ಕುಡಿದ ಮೇಲೆ ಹೋದರಲ್ಲ, ಅದೊಂದು ದೇವರ ದಯೆ ಅಂದುಕೊಂಡೆ. ಚಹಾ ಕುಡಿಯದೆ ತಾತ್ಯಾ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ.

ತಾತ್ಯಾನವರ ಮುಖದಲ್ಲಿ ಹುಬ್ಬುಗಳೇ ಇರಲಿಲ್ಲ. ಮೂವತ್ತು ನಲವತ್ತು ವರ್ಷ ಭಟ್ಟಿಯ ಉರಿಗೆ ಮುಖ ಕೊಟ್ಟು, ಸುಟ್ಟು ಸುಟ್ಟು, ಅವು ಬೆಳೆಯುವುದನ್ನೇ ಬಿಟ್ಟಿದ್ದವು. ಹೀಗಾಗಿ ಅವರು ಯಾವಾಗ ನೋಡಿದರೂ ಈಗಷ್ಟೇ ಏನೋ ಆಶ್ಚರ್ಯದ ಮಾತು ಕೇಳಿದವರ ಹಾಗೆ ಕಾಣುತ್ತಿದ್ದರು. ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಗೆ ಅವರ ತಗಡಿನ ಶೆಡ್ಡು. ಗಾಡಿಗಳ ಗಾಲಿಯ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಭಾರವೆಲ್ಲ ಅದರ ಮೇಲೆಯೇ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಅದನ್ನು ಕಾಯಿಸಿ, ಬಡಿದು, ಬಾಗಿಸಿ ಕೊಡುವುದು ಅವರ ಕಸುಬು. ಬಡಿಯುವಾಗ ಕಬ್ಬಿಣದ ಜೊತೆ ಮಾತಾಡುತ್ತಿದ್ದರು, ಅದೂ ಮರಾಠಿಯಲ್ಲಿ. ಮಂದಿಯ ಜೊತೆ ಕನ್ನಡ. "ಕಬ್ಬಿಣಕ್ಕ ಕನ್ನಡ ತಿಳಿಯಂಗಿಲ್ಲೇನ್ರಿ ತಾತ್ಯಾ?" ಎಂದು ಒಮ್ಮೆ ಕೇಳಿದೆ. "ತಿಳಿತೈತಿ ತಂಗಿ. ಆದ್ರ ಮರಾಠ್ಯಾಗ ಬೈದ್ರ ಲಗೂ ಬಾಗ್ತೈತಿ" ಎಂದರು.

ಅವರದೊಂದು ಪದ್ಧತಿಯಿತ್ತು. ಯಾವ ಗಾಡಿ ಬಂದರೂ ಅವರು ಮುಂದಿನ ಸೀಟಿಗೆ ಹೋಗುತ್ತಿರಲಿಲ್ಲ. ಹಿಂದೆ ಹತ್ತಿ, ಎಲ್ಲಕ್ಕಿಂತ ಕೆಟ್ಟ ಜಾಗ ಹುಡುಕಿ ಕೂತು, "ಹೂಂ, ಹೊಡೀರಿ" ಎನ್ನುತ್ತಿದ್ದರು. "ಗಾಡಿ ಬ್ಯಾನಿ ಹೊಡೆಯಾಂವಗ ಗೊತ್ತಾಗಂಗಿಲ್ಲ. ಹಿಂದ ಕುಂತಾಕಿನ್ನ ಕೇಳ್ರಿ" ಎನ್ನುವುದು ಅವರ ಮಾತು. ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಜೀಪು ತಂದಾಗ ಅವರನ್ನು ಬರಿಗೈಲಿ ಹಿಂದೆ ಕಳಿಸಿ, ಒಂದು ಬುಟ್ಟಿ ಹಣ್ಣು ತರಿಸಿ, ಬುಟ್ಟಿಯ ಪಕ್ಕ ತಾವು ಕೂತು ಊರು ಸುತ್ತಿ ಬಂದರಂತೆ. ಗೊಂಚಲಿನಿಂದ ಎಷ್ಟು ಹಣ್ಣು ಕಳಚಿ ಬಿದ್ದವೆಂದು ನೋಡಿದರಂತೆ. ಬಿದ್ದದ್ದನ್ನೆಲ್ಲ ಅಲ್ಲೇ ತಿಂದರು ಎಂದು ಆ ತೋಟದವರೇ ನಗುತ್ತ ಹೇಳುತ್ತಿದ್ದರು.

ನಮ್ಮ ಜೀಪು ಮಾವನವರು ಕೊಂಡದ್ದು, ಮಿಲಿಟರಿಯವರು ಬಳಸಿ ಬಿಟ್ಟದ್ದು. ಏಕಸಂಬಿ ಹತ್ತಿರ ನಮ್ಮ ತೋಟದ ಮನೆ. ಸುತ್ತ ಕಬ್ಬು, ಕರಿಮಣ್ಣು. ಮಳೆಗಾಲದಲ್ಲಿ ಎತ್ತು ಕೂಡ ಮೊಣಕಾಲಿನ ತನಕ ಹೂತು ನಿಲ್ಲುವ ದಾರಿ. ಪಕ್ಕದ ಸಣ್ಣ ಗೇರು ಹಾಕಿ ನಾಲ್ಕೂ ಗಾಲಿ ಎಳೆಯುವ ಹಾಗೆ ಮಾಡಿದರೆ ಆ ಕೆಸರಿನಲ್ಲೂ ಜೀಪು ಎಮ್ಮೆಯ ಹಾಗೆ ನಿಧಾನವಾಗಿ ಎದ್ದು ಬರುತ್ತಿತ್ತು. ಹಾಲು ಒಯ್ಯುವುದು ಅದೇ, ಮಕ್ಕಳನ್ನು ಶಾಲೆಗೆ ಬಿಡುವುದು ಅದೇ, ದನದ ಮೇವು, ಹಿಂಡಿ ಚೀಲ, ಗೊಬ್ಬರ ತರುವುದು ಅದೇ. ಪ್ರತಿ ಅಮಾವಾಸ್ಯೆಗೆ ಅತ್ತೆಯವರನ್ನು ಚಿಂಚಲಿ ಮಾಯಕ್ಕನ ದರ್ಶನಕ್ಕೆ ಕರೆದೊಯ್ಯುವುದೂ ಅದೇ.

ಅತ್ತೆ ಹೊರಟರೆ ನಾನೂ ಹೊರಡುತ್ತಿದ್ದೆ, ನೈವೇದ್ಯದ ಬುಟ್ಟಿ ಹಿಡಿಯುವವಳಾಗಿ. ಅತ್ತೆ ಹೊರಡದಿದ್ದರೆ ನನಗೆ ಒಲೆ, ಕೊಟ್ಟಿಗೆ, ಹೊಲ. ರಾಯಬಾಗ ಇನ್ನೇನು ಬಂತು ಎನ್ನುವಲ್ಲಿ ಒಂದು ಬೇವಿನ ಗಿಡದ ತಿರುವಿದೆ. ಅಲ್ಲಿಂದ ಒಳಗೆ ನನ್ನ ತವರು. ಅಮಾವಾಸ್ಯೆಯ ದಿನ ನನ್ನ ಅವ್ವ ಆ ಗಿಡದ ಕೆಳಗೆ ಬಂದು ನಿಲ್ಲುತ್ತಿದ್ದಳು. ಜೀಪು ಅರೆಗಳಿಗೆ ನಿಲ್ಲುತ್ತಿತ್ತು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿದ ಗಂಟೊಂದು ಅವಳ ಕೈಯಿಂದ ನನ್ನ ಕೈಗೆ ಬರುತ್ತಿತ್ತು. ತಿಂಗಳಿಗೆ ಅವ್ವನ ಮುಖ ಅಷ್ಟೇ. ಅಷ್ಟಾದರೂ ಇತ್ತಲ್ಲ ಎಂದು ನಾನು ಮಾಯಕ್ಕನಿಗೆ ಕೈ ಮುಗಿಯುತ್ತಿದ್ದೆ.

ಆ ವರ್ಷ ಅತ್ತೆ ಅರಿವೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ದೇವರು ಕಾಯ್ದ. ಆದರೆ ಬೆನ್ನು ಹಿಡಿಯಿತು. ಚಿಕ್ಕೋಡಿಯ ಡಾಕ್ಟರು ನಡುವಿಗೆ ಪಟ್ಟಿ ಕಟ್ಟಿಸಿ, "ಗಾಡ್ಯಾಗ ಕುಣಿಸ್ಕೋತ ಎಲ್ಲೂ ಹೋಗಬ್ಯಾಡ್ರಿ" ಎಂದು ಹೇಳಿ ಕಳಿಸಿದರು. ನಮ್ಮ ಜೀಪು ಕುಣಿಸದೆ ಹೋಗುವ ಗಾಡಿಯೇ ಅಲ್ಲ. ಒಂದು ಅಮಾವಾಸ್ಯೆ ತಪ್ಪಿತು, ಇನ್ನೊಂದು ತಪ್ಪಿತು. ಮನೆಮನೆಗೆ ಫೋನು ಇಲ್ಲದ ಕಾಲ. ನನ್ನ ಅವ್ವ ಎರಡು ಸಲವೂ ಬೇವಿನ ಗಿಡದ ಕೆಳಗೆ ಸಂಜೆಯ ತನಕ ನಿಂತು ಹೋದಳಂತೆ. ಆ ಕಡೆಯಿಂದ ಬಳೆ ತೊಡಿಸಲು ಬಂದವಳು ಹೇಳಿದಳು. ಅತ್ತೆಯೂ ಕೇಳಿಸಿಕೊಂಡರು. ದೇವರ ಜಗಲಿಯ ಮೇಲಿನ ಮಾಯಕ್ಕನ ಪಟವನ್ನು ಸೆರಗಿನಿಂದ ಒರೆಸಿದರು.

ಮೂರನೆಯ ಅಮಾವಾಸ್ಯೆಗೆ ಹದಿನೈದು ದಿನ ಇರುವಾಗ ಜೀಪಿನ ಹಿಂದಿನ ಪಾಟಾ ಮುರಿಯಿತು. ಅದೂ ನಮ್ಮ ಅಂಗಳದಲ್ಲೇ, ಮಕ್ಕಳು ಇಳಿದ ಮೇಲೆ. ಅದನ್ನೂ ದೇವರ ದಯೆಯೆಂದೇ ಎಣಿಸಿದೆ.

ಹೊಸ ಪಾಟಾ ಎಂಥದ್ದು ಹಾಕಿಸುವುದೆಂದು ಮನೆಯಲ್ಲಿ ಮಾತು ನಡೆಯಿತು. ನಿಪ್ಪಾಣಿಯ ಸಾಮಾನಿನ ಅಂಗಡಿಯವನು ಇವರಿಗೆ ಹೇಳಿದ್ದನಂತೆ: ದಪ್ಪ ಪಟ್ಟಿಯದು ಹಾಕಿಸ್ರಿ, ಮ್ಯಾಲೆ ಇನ್ನೆರಡು ಸೇರಿಸ್ರಿ, ಎಷ್ಟ ಹೇರಿದ್ರೂ ಜಗ್ಗಂಗಿಲ್ಲ. ಇವರಿಗೆ ಅದು ಮನಸ್ಸಿಗೆ ಬಂದಿತ್ತು. ಮೇವು ತರಬೇಕಾದವರು ಅವರು, ಅವರ ಮಾತೂ ತಪ್ಪಲ್ಲ. ಆದರೆ ಖಾಲಿ ಇದ್ದಾಗ ಅಂಥ ಗಾಡಿ ಮೂಳೆ ಮೂಳೆ ಎಣಿಸುತ್ತದೆ.

ಊಟಕ್ಕೆ ಕೂತಾಗ ಅತ್ತೆಯೇ ಅಂದರು: "ನಿನ್ನ ಹೇರಿಗೆ ತಕ್ಕಂಗ ಮಾಡಸ್ಕೊಳ್ಳೊ. ನಾ ಹೆಂಗೂ ಮನ್ಯಾಗ ಇರಾಕಿ. ಮಾಯಕ್ಕ ಇಲ್ಲಿಂದ ಕೈ ಮುಗಿದ್ರೂ ಕೇಳ್ತಾಳ."

ಹಾಗೆಂದು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. ಅತ್ತೆ ರೊಟ್ಟಿ ಬಿಟ್ಟು ಎದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಇವರೂ ನೋಡಿದರು. ಮರುದಿನ ಅಂಗಡಿಗೆ ಹೋಗದೆ, ಜೀಪನ್ನು ನಿಧಾನವಾಗಿ ನಡೆಸಿಕೊಂಡು ತಾತ್ಯಾನವರ ಶೆಡ್ಡಿಗೆ ಹೋದರು.

ತಾತ್ಯಾ ಮುರಿದ ಪಾಟಾ ಬಿಚ್ಚಿ, ಅಳತೆಗೆಂದೇ ಇಟ್ಟುಕೊಂಡಿದ್ದ ಹಳೆಯ ಜೋಡಿಯೊಂದನ್ನು ಜೀಪಿಗೆ ಹಾಕಿಕೊಟ್ಟು, "ನಾಳೆ ಮನಿ ಮಂದೀನೆಲ್ಲ ಕರ್ಕೊಂಡ ಬರ್ರಿ ಮಾಲಕ್ರ. ಯಾರ್ಯಾರು ಕೂಡ್ತಾರ, ಏನೇನು ಹೇರ್ತೀರಿ, ಎಲ್ಲಾ. ದಿನಾ ಹೆಂಗ ಹೋಗ್ತೀರಿ ಹಂಗs" ಎಂದರಂತೆ. ಅವರ ಪದ್ಧತಿಯೇ ಹಾಗೆ. ಮನೆಯ ಭಾರ ಕಣ್ಣಾರೆ ನೋಡದೆ ಪಾಟಾ ಬಾಗಿಸುತ್ತಿರಲಿಲ್ಲ.

ನಾವು ಹೋದೆವು. ಆದರೆ ಹೇಗೆ ಹೋದೆವು. ಚಿಕ್ಕೋಡಿಗೆ, ಅದೂ ನಾಲ್ಕು ಮಂದಿ ನೋಡುವ ಜಾಗಕ್ಕೆ ಹೋಗುವುದೆಂದರೆ ಹಾಗೇ ಹೋಗುವುದುಂಟೇ? ಅತ್ತೆ ಇಳಕಲ್ ಸೀರೆ ಉಟ್ಟರು. ನಾನು ಮಕ್ಕಳಿಗೆ ಪೌಡರು ಹಚ್ಚಿದೆ. ಇವರು ಜೀಪು ತೊಳೆದು ಸುಲಿದ ಬಾಳೆಹಣ್ಣಿನ ಹಾಗೆ ಮಾಡಿದರು. "ಮೇವು? ಹಿಂಡಿ ಚೀಲ?" ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ಅತ್ತೆ, "ಸೆಗಣಿ ಬುಟ್ಟೀನೂ ತಗೊ, ಮಂದಿ ಚಂದ ನೋಡ್ತಾರ" ಎಂದರು. ಹಗೂರ ಹಗೂರ ನಡೆಸಿಕೊಂಡು ಶೆಡ್ಡಿನ ಮುಂದೆ ಹೋಗಿ, ಜೀಪಿನಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತೆವು. ತಾತ್ಯಾ ಅಚ್ಚಿನಿಂದ ಮೇಲಕ್ಕೆ ದಾರ ಹಿಡಿದು ಅಳೆದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

"ಇಷ್ಟs ಏನ್ರಿ?" ತಾತ್ಯಾ ಕೇಳಿದರು.

"ಇಷ್ಟs" ಎಂದರು ಇವರು.

"ಹಾಲಿನ ಕ್ಯಾನು?"

"ಅವೇನು, ಎರಡು."

ತಾತ್ಯಾ ಹುಬ್ಬಿಲ್ಲದ ಹಣೆ ಮೇಲೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಎಲ್ಲರಿಗೂ ಚಹಾ ತರಿಸಿದರು. ರಸ್ತೆಯ ಮೇಲೆ ಕೂತು ನಾನು ಕುಡಿಯುವುದಿಲ್ಲ ಎಂದ ಅತ್ತೆ, ಸೆರಗು ಮರೆ ಮಾಡಿಕೊಂಡು ಎರಡು ಬಸಿ ಕುಡಿದರು.

ನಾಲ್ಕೈದು ದಿನಕ್ಕೆ ಹೊಸ ಪಾಟಾ ಆಯಿತು. ಒಳಗಿನ ಎಣ್ಣೆ ಸೋರಿ ಬತ್ತಿಹೋಗಿದ್ದ ಶಾಕಪ್ ತೆಗೆದು ಹೊಸವನ್ನೂ ಹಾಕಿದ್ದರು. "ಪಾಟಾ ಹೊರ್ತೈತಿ, ಕುಣಿಯೂದು ತಡಿಯಾಂವ ಶಾಕಪ್" ಎಂದು ಇವರಿಗೆ ತಿಳಿಸಿ ಹೇಳಿದ್ದರಂತೆ. ಖಾಲಿ ಜೀಪು ಮನೆಗೆ ಬಂದದ್ದು ತೊಟ್ಟಿಲು ತೂಗಿದ ಹಾಗೆ. ನಾನು ಒಳಗೊಳಗೇ ಬೇವಿನ ಗಿಡ ಕಂಡೆ.

ಮರುದಿನ ಮೇವು ಹೇರಿದರು. ಹಿಂಡಿ ಚೀಲ ಹಾಕಿದರು. ಕಳೆ ತೆಗೆಯಲು ಬಂದ ಹೆಣ್ಣಾಳುಗಳು ಹಿಂದೆ ಜೋತುಬಿದ್ದರು. ಜೀಪು ಕೋಳಿ ಕಾವಿಗೆ ಕೂತಂತೆ ಕೂತುಬಿಟ್ಟಿತು. ಗಾಲಿ ಮೇಲಿನ ತಗಡಿಗೆ ತಿಕ್ಕಿ ರಬ್ಬರು ಸುಟ್ಟ ವಾಸನೆ ಅಂಗಳದ ತುಂಬ ಹಬ್ಬಿತು.

"ಪಾಟಾ ಮಾಡ್ಯಾನೋ ತೊಟ್ಲಾ ಮಾಡ್ಯಾನೋ!" ಎಂದು ಇವರು ಕೆಂಡವಾದರು. ಹಾಲು ಹಾಕಲು ಹೋಗುವ ಯಾರದೋ ಸೈಕಲ್ಲಿನ ಮೇಲೆ ಸಿಟ್ಟಿನ ಮಾತು ಹೇಳಿ ಕಳಿಸಿದರು. ತಾತ್ಯಾ ಉತ್ತರ ಕಳಿಸುವ ಬದಲು ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಇಳಿದು, ತೋಟದ ದಾರಿ ಹಿಡಿದು ತಾವೇ ನಡೆದು ಬಂದರು. ಯಾರನ್ನೂ ಕರೆಯದೆ ಗೊಬ್ಬರದ ತಿಪ್ಪೆಯ ಪಕ್ಕ ನಿಂತು ನೋಡಿದರು. ಜೀಪು ಹೊರಡುವ ಹೊತ್ತು ಅದು. ಕ್ಯಾನು, ಹಿಂಡಿ ಚೀಲ, ಮೇವು, ಮೇವಿನ ಮೇಲೆ ಮಕ್ಕಳು, ಮಕ್ಕಳ ತೊಡೆಯ ಮೇಲೆ ಕೋಳಿ ಬುಟ್ಟಿ.

ತಾತ್ಯಾ ನಗಲು ಶುರು ಮಾಡಿದರು. ಕೆಮ್ಮು ಬರುವ ತನಕ ನಕ್ಕರು.

"ಏನ್ ಮಾಲಕ್ರ, ನನ್ನ ಮುಂದ ಫೋಟೋ ತಗಸ್ಕೊಳ್ಳಾಕ ಬಂದಿದ್ರೇನು? ಬೀಗರ ಗಾಡಿ ತೋರಿಸಿ ಪಾಟಾ ಮಾಡಸ್ಕೊಂಡ್ರಿ. ಮನಿ ಗಾಡಿ ಇಲ್ಲೈತಲ್ರಿ!"

ಇವರ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ನಾಚಿಕೆಯಾಯಿತು. "ಹಂಗಾದ್ರ ಗಟ್ಟಿ ಮಾಡಿ ಬಿಡ್ರಿ ತಾತ್ಯಾ. ಇನ್ನೆರಡು ಪಟ್ಟಿ ಹಾಕ್ರಿ, ಮುಗೀತು" ಎಂದರು.

ನಾನು ಚಹಾದ ಬಸಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಮಾವಾಸ್ಯೆಗೆ ನಾಲ್ಕು ದಿನ. ಗಂಡಸರ ಮಾತಿನ ನಡುವೆ ಬಾಯಿ ಹಾಕುವ ರೂಢಿ ಇಲ್ಲ. ಆದರೂ ಬಸಿ ಕೊಡುವಾಗ ನನ್ನ ಬಾಯಿಂದ ಬಂತು: "ತಾತ್ಯಾ, ಅತ್ತಿ ಅಮಾಸಿಗೆ ಚಿಂಚಲಿಗೆ ಹೋಗಬೇಕ್ರಿ."

ತಾತ್ಯಾ ಬಸಿ ಹಿಡಿದೇ ಒಳಗೆ ನೋಡಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಆಯಿ, ಎಲ್ಲಿ ನೋಯ್ತೈತ್ರಿ?"

"ನನಗೇನೂ ನೋಯಂಗಿಲ್ಲ."

"ಮತ್ತ ನಡಕ್ಕ ಪಟ್ಟಿ ಯಾಕ, ಡೌಲಿಗೇನು?"

ಬಿದ್ದ ದಿನದಿಂದ ನಗದ ಅತ್ತೆ ಅವತ್ತು ನಕ್ಕರು. ನಕ್ಕದ್ದಕ್ಕೆ ಬೆನ್ನು ಹಿಡಿದು "ಅಯ್ಯಪ್ಪಾ" ಎಂದರು. ತಾತ್ಯಾ ಚಹಾ ಮುಗಿಸಿ ಬಸಿ ಕಟ್ಟೆಯ ಮೇಲಿಟ್ಟರು.

"ನೋಡ್ರಿ ಮಾಲಕ್ರ. ನಿಮಗ ಹೇರೂ ಗಾಡಿ ಬೇಕು, ಆಯಿಗೆ ತೂಗೂ ಗಾಡಿ ಬೇಕು. ಎರಡು ಗಾಡಿ ತಗೊಳ್ಳಾಕ ಆಗಂಗಿಲ್ಲ. ಇದ್ದದ್ದರಾಗ ಮಾಡೂಣು. ಮ್ಯಾಲಿನ ಪಟ್ಟಿ ಹಿಂಗs ತೆಳ್ಳಗ ಇರ್ಲಿ. ಕೆಳಗ ಒಂದು ದಪ್ಪಂದು ಹಾಕ್ತೇನಿ, ಆದ್ರ ಮ್ಯಾಲಿನದಕ್ಕ ತಾಗಸಂಗಿಲ್ಲ, ಬೆರಳಿನಷ್ಟು ಸಂದಿ ಬಿಡ್ತೇನಿ. ಮಂದಿ ಕುಂತಾಗ ಅದು ಸುಮ್ನ ಇರ್ತೈತಿ. ಹೇರಿದ್ರ ಜೀಪು ಕೆಳಗ ಬಂದು ಅದರ ಮ್ಯಾಲೆ ಕುಂಡ್ರತೈತಿ."

"ಆಗ್ತೈತೇನ್ರಿ?" ಇವರಿಗೆ ಇನ್ನೂ ಸಂಶಯ.

"ನಿಮ್ಮ ಮನ್ಯಾಗ ಆಗಿಲ್ಲೇನು? ದಿನಾ ಸುಮ್ನ ಇರ್ತಾಳ ನಮ್ಮ ತಂಗಿ. ಭಾರ ಬಿದ್ದಾಗ ಬಂದು ಬಾಯಿ ತೆಗದ್ಲು."

ನಾನು ಬಸಿ ತೆಗೆದುಕೊಂಡು ಒಳಗೆ ಓಡಿದೆ.

ಅಮಾವಾಸ್ಯೆಯ ಮುಂಜಾನೆ ತಾತ್ಯಾ ಜೀಪಿನ ಜೊತೆಯಲ್ಲೇ ಬಂದರು. ಮೊದಲು ಮೇವು, ಹಿಂಡಿ ಹೇರಿಸಿ ಹೊಲದ ಸುತ್ತ ಒಂದು ಸುತ್ತು ಹೊಡೆಸಿದರು. ಗಾಲಿ ಎಲ್ಲೂ ತಾಗಲಿಲ್ಲ. ಆಮೇಲೆ ಎಲ್ಲ ಇಳಿಸಿ, "ತಂಗಿ, ಒಂದು ವಾಟಗ ಮಜ್ಜಗಿ ತಾ, ಕಂಠಮಟ" ಎಂದರು. ಇದು ಅವರ ಕೊನೆಯ ಪರೀಕ್ಷೆ. ಹಿಂದೆ ಕೂರುವವರ ಕೈಗೆ ತುಂಬಿದ ಲೋಟ ಕೊಟ್ಟು ಕೆಟ್ಟ ದಾರಿಯಲ್ಲಿ ಒಂದು ಸಲ ಹೋಗಿ ಬರುವುದು. ತುಳುಕಿದರೆ ಗಾಡಿ ಮತ್ತೆ ಶೆಡ್ಡಿಗೆ. ಹಾಗಾದರೆ ಅಮಾವಾಸ್ಯೆ ಮತ್ತೆ ತಪ್ಪಿದಂತೆ.

ಅತ್ತೆ ಹಿಂದೆ ಕೂತು ಲೋಟ ಹಿಡಿದರು. ಇವರು ನಡೆಸಿದರು. ತಾತ್ಯಾ ಮುಂದೆ ಕೂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಹಿಂದಿನ ಜಾಗ ಆಯಿಯದು ಎಂದರು. ಜೀಪು ತೋಟದ ದಾರಿಯ ಮೋರಿಯ ತನಕ ಹೋಯಿತು, ಕಬ್ಬಿನ ಮರೆಗೆ ಸರಿಯಿತು. ನಾನು ಒಳಗೆ ಹೋಗಿ ದೇವರ ಜಗಲಿಯ ಮುಂದೆ ನಿಂತು ಕಣ್ಣು ಮುಚ್ಚಿದೆ. ತಿರುಗಿ ಬಂದಾಗ ಅತ್ತೆಯ ಸೀರೆಯ ಮೇಲೆ ಹನಿ ಇರಲಿಲ್ಲ, ಜೀಪಿನ ತಗಡಿನ ಮೇಲೂ ಇರಲಿಲ್ಲ.

"ಹೋಗಿ ಬರ್ರಿ ಆಯಿ. ನಂದೂ ಒಂದು ಕಾಯಿ ಒಡಸ್ರಿ" ಎಂದರು ತಾತ್ಯಾ.

ಬೇವಿನ ಗಿಡದ ಕೆಳಗೆ ಅವ್ವ ನಿಂತಿದ್ದಳು. ಮೂರನೆಯ ಸಲವೂ ಬಂದು ನಿಂತಿದ್ದಳು. ಜೀಪು ನಿಂತಿತು. "ಬಂದ್ಯಾ?" ಎಂದಳು, ಅಷ್ಟೇ. ಗಂಟು ಕೊಟ್ಟಳು. ಅತ್ತೆ ಅವತ್ತು ಎಂದೂ ಅನ್ನದ ಮಾತು ಅಂದರು: "ಹತ್ರಿ ಬೀಗತಿ, ಜಾಗಾ ಐತಿ. ಮಾಯಕ್ಕನ ಕಂಡ ಬರೂಣು." ಅವ್ವ ಹತ್ತಿದಳು. ಚಿಂಚಲಿಯ ತನಕ ನಾನು ಇಬ್ಬರ ನಡುವೆ ಕೂತು ಹೋದೆ. ಗುಡಿಯಿಂದ ತಂದ ಭಂಡಾರದ ಅರಿಸಿನವನ್ನು ಇವರು ಮರುದಿನ ತಾತ್ಯಾನವರಿಗೆ ಕೊಟ್ಟರು. ಅವರು ಚಿಟಿಕೆ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಹಚ್ಚಿದರಂತೆ.

ಆಮೇಲೆ ಅವರು ನಮ್ಮ ಮನೆಯವರೇ ಆದರು. ವರ್ಷಕ್ಕೊಮ್ಮೆ ಸೀಗಿ ಹುಣ್ಣಿಮೆಯ ಹೊತ್ತಿಗೆ ಬಂದು, ಜೀಪಿನ ಕೆಳಗೆ ಮಲಗಿ ಪಾಟಾಕ್ಕೆ ಗ್ರೀಸು ಹಚ್ಚಿ, ಹೋಳಿಗೆ ಉಂಡು ಹೋಗುತ್ತಿದ್ದರು. ನಾನು ಅವರನ್ನು ಕಡೆಯ ಸಲ ಕಂಡದ್ದೂ ಹಾಗೆಯೇ. ಭಟ್ಟಿಯನ್ನು ಅಳಿಯನಿಗೆ ಬಿಟ್ಟುಕೊಟ್ಟಿದ್ದರು. ಜೀಪಿನ ಕೆಳಗೆ ಮಲಗಲು ಆಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಸಂದಿಯೊಳಗೆ ಬೆರಳು ಹಾಕಿ ನೋಡಿ, "ಥಾಂಬ ರೇ ಬಾಬಾ, ಇನ್ನೊಂದಿಷ್ಟು ವರ್ಷ ಥಾಂಬ" ಎಂದು, ಗಟ್ಟಿಯಾಗಿ ನಿಲ್ಲು ಎನ್ನುವಂತೆ, ಪಾಟಾಕ್ಕೆ ಹೇಳಿದರು. ಅದಕ್ಕೆ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡಿದ್ದು ಅದೇ ಮೊದಲು.

ಊಟವಾದ ಮೇಲೆ ಅತ್ತೆ ಎಲೆ ಅಡಿಕೆ ಮುಂದಿಟ್ಟು, ಸುತ್ತ ನೋಡಿ, ಮೆಲ್ಲಗೆ ಹೇಳಿದರು: "ತಾತ್ಯಾ, ಒಂದು ಮಾತು ಹೇಳ್ತೇನಿ, ಸಿಟ್ಟ ಆಗಬ್ಯಾಡ. ಅವತ್ತ ಮಜ್ಜಗಿ ತುಳಕಲಿಲ್ಲ ಅಲಾ, ಮೋರಿ ಬರೂಕಿಂತ ಮೊದಲ ಎರಡು ಗುಟುಕು ನಾನs ಕುಡದಿದ್ದೆ. ಅಮಾಸಿ ತಪ್ಪೀತಂತ ಅಂಜಿದ್ದೆ."

ತಾತ್ಯಾ ಅಡಿಕೆ ಬಾಯಿಗೆ ಹಾಕಿಕೊಂಡರು.

"ಗೊತ್ತಿತ್ರಿ ಆಯಿ. ಇಳಿಯೂ ಮುಂದ ತುಟಿ ಮ್ಯಾಲೆ ಬೆಳ್ಳಗ ಇತ್ತು."

"ಮತ್ತ ಯಾಕ ಬಿಟ್ಟಿ?"

"ಓಡೂ ಗಾಡ್ಯಾಗ ಕುಂತು, ಮೂಗಿಗೆ ಬಡೀದಂಗ ವಾಟಗ ಬಾಯಿಗೆ ಹಚ್ಚಾಕ ಬಂತಲ್ರಿ ನಿಮಗ. ಅದಕ್ಕಿಂತ ದೊಡ್ಡ ಪರೀಕ್ಷೆ ಎಲ್ಲೈತಿ?"

ಇಬ್ಬರೂ ನಕ್ಕರು. ನಾನು ಒಲೆಯ ಮುಂದೆ ಕೂತು ನಕ್ಕೆ. ಅತ್ತೆ ಮರುವರ್ಷ ತೀರಿಕೊಂಡರು. ಹೋಗುವ ತಿಂಗಳ ಅಮಾವಾಸ್ಯೆಗೂ ಚಿಂಚಲಿಗೆ ಹೋಗಿ ಬಂದಿದ್ದರು. ನನ್ನ ಅವ್ವ ಈಗಲೂ ಬೇವಿನ ಗಿಡದ ಹತ್ತಿರ ಜೀಪು ಹತ್ತುತ್ತಾಳೆ. ಇಷ್ಟೆಲ್ಲ ಯಾರಿಗೆ ಸಿಗುತ್ತದೆ?

ಅಂಗಳದಲ್ಲಿ ಬಕೆಟ್ಟಿನ ಸದ್ದಾಯಿತು. ಮೊರ ಹಿಡಿದೇ ಹೊರಗೆ ಬಂದು ನೋಡಿದರೆ, ಇವರು ಅಂಗಿ ಬದಲಿಸಿ, ಜೀಪಿನಿಂದ ಹಿಂಡಿ ಚೀಲ ಇಳಿಸಲು ಕೈ ಹಾಕಿದ್ದರು. ಪಕ್ಕದಲ್ಲಿ ತೊಳೆಯಲು ನೀರು.

"ಏನ್ ಮಾಡಾಕತ್ತೀರಿ?"

"ತಾತ್ಯಾರ ಮಣ್ಣಿಗೆ ಹೋಗಬೇಕಲ್ಲ. ಹಿಂಗs ಹೊಲಸ ಗಾಡಿ ತಗೊಂಡ ಹೋಗ್ಲೇನು?"

"ಇಳಿಸಬ್ಯಾಡ್ರಿ" ಎಂದೆ. "ತೊಳೀನೂ ಬ್ಯಾಡ್ರಿ. ಇದ್ದಂಗ ಹೋಗ್ರಿ. ತಾತ್ಯಾಗ ಮನಿ ಗಾಡೀನs ತೋರಸ್ರಿ."

ಇವರು ಇಳಿಸಲು ಹಿಡಿದಿದ್ದ ಚೀಲವನ್ನು ಮತ್ತೆ ಒಳಗೆ ತಳ್ಳಿದರು. ಆಮೇಲೆ ಬಕೆಟ್ಟಿನ ನೀರನ್ನು ತುಳಸಿಗೆ ಹಾಕಿ ಜೀಪು ಹತ್ತಿದರು. ಹಿಂಡಿ ಚೀಲ, ಖಾಲಿ ಕ್ಯಾನು, ಹಿಂದೆ ಮೇವಿನ ಹೊರೆ. ಮೋರಿಯ ಹತ್ತಿರ ಜೀಪು ಒಮ್ಮೆ ಕೆಳಗಿಳಿದು, ಕೆಳಗಿನ ಪಟ್ಟಿಯ ಮೇಲೆ ಕೂತು, ಸದ್ದಿಲ್ಲದೆ ಎದ್ದು ಆಚೆ ಹೋಯಿತು.

ನಾನು ಒಳಗೆ ಬಂದು ಜೋಳ ಕೇರಿ ಮುಗಿಸಿದೆ. ಗಡಿಗೆಯಲ್ಲಿ ಕೆನೆ ಮೊಸರು ಹಾಗೇ ಇತ್ತು. ಕಡಗೋಲು ತೊಳೆದುಕೊಂಡು ಮಜ್ಜಿಗೆ ಕಡೆಯಲು ಕೂತೆ.